ತಡೆ ಇರುವುದು ಪ್ರಯೋಗಾಲಯದ ಬಾಗಿಲಲ್ಲಷ್ಟೇ ಅಲ್ಲ

ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಸಿಗಬೇಕಾದರೆ ಒಳಗಿನವರ ಪರಿಚಯ ಬೇಕೇ ಬೇಕು ಎಂದು ವಿಜ್ಞಾನ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದು ಅರ್ಧ ಮಾತ್ರ ನಿಜ. ಪದವಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ನಾನು ಕಂಡಂತೆ, ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳ ಜೊತೆಗೂಡಿ ನಡೆಸುತ್ತ ಬಂದಿರುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಮುಖ್ಯವಾಗಿ ಬೇಕಾಗುವುದು ಅಂಕಗಳು, ಅಧ್ಯಾಪಕರ ಶಿಫಾರಸು ಪತ್ರ ಹಾಗೂ ತಾನು ಏನು ಮಾಡಬಯಸುತ್ತೇನೆ ಎಂಬ ಪುಟ್ಟ ಬರಹ. ನಮ್ಮ ಮಕ್ಕಳು ಎಡವುವುದು ಆ ಬರಹದಲ್ಲಿ.

ನೇರವಾಗಿ ವಿಜ್ಞಾನಿಗಳಿಗೆ ಬರೆಯುವಾಗಲೂ ಅಷ್ಟೇ. ನನ್ನ ವಿದ್ಯಾರ್ಥಿನಿಯೊಬ್ಬಳು ಮೂವತ್ತು ಜನರಿಗೆ ಒಂದೇ ಒಕ್ಕಣೆಯ ಇಮೇಲ್ ಕಳಿಸಿದ್ದಳು. ಒಬ್ಬರಿಗೆ ಹೋದ ಪತ್ರದಲ್ಲಿ ಇನ್ನೊಬ್ಬರ ಹೆಸರು ಹಾಗೆಯೇ ಉಳಿದಿತ್ತು! ಬಳಿಕ ಒಬ್ಬರ ಸಂಶೋಧನಾ ಲೇಖನವನ್ನು ಓದಿ, ಅದರಲ್ಲಿ ತನಗೆ ಅರ್ಥವಾಗದ ಒಂದು ಗ್ರಾಫಿನ ಬಗ್ಗೆ ನಾಲ್ಕು ಸಾಲು ಬರೆದಾಗ ಮೂರನೇ ದಿನವೇ ಉತ್ತರ ಬಂತು.

ಎಂ.ಎಸ್ಸಿ. ಪ್ರಬಂಧದ ಮಾತೇ ಬೇರೆ. ಲೇಸರ್ ಕಿರಣವನ್ನು ಕನ್ನಡಿಯಿಂದ ಕನ್ನಡಿಗೆ ಸರಿಯಾಗಿ ಹಾಯಿಸಲು ಕಲಿಯುವಷ್ಟರಲ್ಲೇ ಬೇಸಿಗೆ ರಜೆ ಮುಗಿಯುವುದರಿಂದ, ಪ್ರಬಂಧಕ್ಕೆ ಒಂದಿಡೀ ಸೆಮಿಸ್ಟರ್ ಬೇಕು. ಅಷ್ಟು ಕಾಲ ಹೊರಗೆ ಕಳಿಸಲು ಎಷ್ಟೋ ಕಾಲೇಜುಗಳು ಹಾಜರಾತಿಯ ನೆಪ ಹೇಳುತ್ತವೆ. ಹೊರಗೆ ಹೋಗಲು ಕಾಲೇಜಿನ ಅಭ್ಯಂತರವಿಲ್ಲ ಎಂಬ ನಿರಾಕ್ಷೇಪಣಾ ಪತ್ರಕ್ಕಾಗಿ ಎರಡು ವಾರ ಕಚೇರಿಗೆ ಅಲೆದ ಹುಡುಗನೊಬ್ಬ, ಅದು ಕೈಗೆ ಬರುವಷ್ಟರಲ್ಲಿ ಪ್ರಯೋಗಾಲಯಕ್ಕೆ ಸೇರಬೇಕಾದ ದಿನಾಂಕವನ್ನೇ ಕಳೆದುಕೊಂಡಿದ್ದ. ನಾನು ಮೊದಲಿಗೆ ಹೇಳಿದ ಲೇಖನದಲ್ಲಿ ಇದರ ಪ್ರಸ್ತಾಪವಿಲ್ಲ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್‌ಗೆ ಬಂದವರು ಪೇಯಿಂಗ್ ಗೆಸ್ಟ್ ಬಾಡಿಗೆಯನ್ನು ಎಲ್ಲಿಂದ ಹೊಂದಿಸಬೇಕೆಂಬ ಮಾತೂ ಇಲ್ಲ.