ಟೈಮ್ ಆಯ್ತು ಸಾರ್, ಏಳಿ

ಹೋದ ಶನಿವಾರ ನನ್ನ ಗೆಳೆಯನಿಗೆ ಅರವತ್ತು ತುಂಬಿತು. ಷಷ್ಟಿಪೂರ್ತಿ, ಹೋಮ ಯಾವುದೂ ಬೇಡ ಅಂತ ಮನೆಯವರಿಗೆ ಮೊದಲೇ ಹೇಳಿಬಿಟ್ಟಿದ್ದ. "ಕಾಲೇಜಿನವರೆಲ್ಲ ಒಂದು ಕಡೆ ಕೂತು ಊಟ ಮಾಡೋಣ, ಮಾತಾಡೋಣ. ಅಷ್ಟು ಸಾಕು ಕಣೋ." ಹೋಟೆಲ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ವಿಆರ್‌ಎಸ್ ತಗೊಂಡು ಮನೇಲಿ ಸುಮ್ನೆ ಕೂತಿದ್ದೀಯಲ್ಲ ಅನ್ನುವ ಲೆಕ್ಕ.

ಅರವತ್ತಕ್ಕೆ ಅರಳು ಮರಳು ಅಂತಾರೆ. ಅರವತ್ತಾಗಿದ್ದು ಅವನಿಗೆ, ಮರುಳಾಗಿದ್ದು ನಾನು.

ಒಟ್ಟು ಹನ್ನೊಂದು ಜನ. ಒಬ್ಬ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ. ಇನ್ನೊಬ್ಬನಿಗೆ ಬಿರಿಯಾನಿ ಇಲ್ಲದಿದ್ದರೆ ಅದು ಹುಟ್ಟುಹಬ್ಬವೇ ಅಲ್ಲ. ಒಬ್ಬ ಕೆಂಗೇರಿ, ಒಬ್ಬ ವೈಟ್‌ಫೀಲ್ಡ್. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೋ ಆ ತುದಿಯಿಂದ ಈ ತುದಿಗೆ ಓಡುತ್ತಿದೆಯಲ್ಲ, ಹಾಗಾಗಿ ಇಂದಿರಾನಗರ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಜಾಗ ಹಿಡಿದೆ. ಅದರ ಹೆಸರು ಬೇಡ. ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರ.

ಬುಕ್ ಮಾಡುವಾಗಲೇ ತಲೆಗೆ ಸಾವಿರ ಅಡ್ವಾನ್ಸ್ ಕೇಳಿದರು. ಹನ್ನೊಂದು ಸಾವಿರ ಕಟ್ಟಿದೆ. ಆಮೇಲೆ ಮೆಸೇಜ್ ಬಂತು: ನಿಮ್ಮ ಸ್ಲಾಟ್ 7ರಿಂದ 9. ಸ್ಲಾಟಂತೆ! ಊಟಕ್ಕೆ ಕರೆದಿದ್ದಾರೋ, ಪಾಸ್‌ಪೋರ್ಟ್ ಮಾಡಿಸೋಕೆ ಕರೆದಿದ್ದಾರೋ?

ಸಂಜೆ ಮಳೆ. ಬೆಂಗಳೂರು, ಶನಿವಾರ, ಮಳೆ. ಇದರ ಮೇಲೆ ಇನ್ನೇನು ಹೇಳುವುದು? ಎಲ್ಲರೂ ಬಂದು ಕೂರುವ ಹೊತ್ತಿಗೆ ಏಳೂವರೆ. ಎಲ್ಲರೂ ಅಂದರೆ ಒಂಬತ್ತು ಜನ. ಸರ್ಜಾಪುರ ರಸ್ತೆಯ ಇಬ್ಬರು ಅಗರದ ಹತ್ತಿರ ಸಿಕ್ಕಿಕೊಂಡು ಕಾರಿನೊಳಗಿಂದ ಫೋಟೋ ಕಳಿಸಿದರು. ಬರಲೇ ಇಲ್ಲ. ಅವರ ಎರಡು ಸಾವಿರ? "ಅಡ್ಜಸ್ಟ್ ಆಗಲ್ಲ ಸರ್, ಪಾಲಿಸಿ."

ಹಾಡಿನ ಸದ್ದಿಗೆ ನೀರಿನ ಗ್ಲಾಸು ನಡುಗುತ್ತಿತ್ತು. ನಮ್ಮಲ್ಲೊಬ್ಬ ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾನೆ. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಪುಣ್ಯವಂತ. ಮೆನು ಕಾರ್ಡ್ ಇಲ್ಲ, ಕ್ಯೂಆರ್ ಕೋಡ್ ಮಾತ್ರ. ಒಂಬತ್ತು ಜನ ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ ಫೋನ್ ಉಜ್ಜುತ್ತಾ ಕೂತೆವು. ಮೊದಲ ಪ್ಲೇಟು ಬಂದಾಗ ಎಂಟು ದಾಟಿತ್ತು.

ಗೆಳೆಯನಿಗೆ ಕೇಕ್ ಅಂದರೆ ಅಯ್ಯಂಗಾರ್ ಬೇಕರಿಯ ಹನಿ ಕೇಕ್. ಮೇಲೆ ಕೆಂಪು ಜಾಮು, ಉದುರಿಸಿದ ಕೊಬ್ಬರಿ. ನ್ಯಾಷನಲ್ ಕಾಲೇಜಿನ ದಿನಗಳಿಂದಲೂ ಅದೇ. ಬಸವನಗುಡಿಯಿಂದ ಒಂದು ಡಬ್ಬಿ ಕಟ್ಟಿಸಿಕೊಂಡು ಹೋಗಿದ್ದೆ. ಹೊರಗಿನ ಕೇಕ್ ಕತ್ತರಿಸಿದರೆ ಐನೂರು ರೂಪಾಯಿ ಅಂದರು! ಕೇಕಿಗಿಂತ ಕತ್ತಿಗೇ ಜಾಸ್ತಿ. ಕೊಟ್ಟೆ. ಹುಟ್ಟುಹಬ್ಬದವನ ಎದುರು ಐನೂರಕ್ಕೆ ಜಗಳ ಆಡೋಕೆ ಆಗುತ್ತಾ? ಅವರಿಗೂ ಅದು ಗೊತ್ತು, ಅವರ ವ್ಯಾಪಾರವೆಲ್ಲ ನಿಂತಿರುವುದೇ ಈ ಮುಜುಗರದ ಮೇಲೆ.

ಎಂಟೂ ಮುಕ್ಕಾಲಿಗೆ ಹುಡುಗ ಬಂದು ಲಾಸ್ಟ್ ಆರ್ಡರ್ ಅಂದ. ಆಗಿನ್ನೂ ಬಿರಿಯಾನಿ ಬಂದಿರಲಿಲ್ಲ. ಒಂಬತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಮ್ಯಾನೇಜರೇ ಬಂದು ನಿಂತ. "ಸರ್, ನೆಕ್ಸ್ಟ್ ಗೆಸ್ಟ್ಸ್ ವೇಟಿಂಗ್." ಗೆಳೆಯ ಅಪ್ಪನ ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದ. ನಲವತ್ತು ವರ್ಷದಲ್ಲಿ ನಮ್ಮ ಹತ್ತಿರ ಎಂದೂ ಆಡದ ಮಾತು. ಅರ್ಧಕ್ಕೆ ನಿಲ್ಲಿಸಿದ. "ಸರಿ, ಏಳೋಣ" ಅಂದ.

ನನಗೆ ಹೊಟ್ಟೆ ಉರಿದಿದ್ದು ಅಲ್ಲಿ.

ಬೇಗ ಏಳುವುದು ನಮಗೇನು ಹೊಸದಾ? ದರ್ಶಿನಿಯಲ್ಲಿ ನಿಂತೇ ತಿಂದವರು ನಾವು. 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಹೊರಗೆ ಜನ ಕಾಯುತ್ತಿರುತ್ತಾರೆ. ಕಾಫಿ ಮುಗಿದ ಮೇಲೆ ಕೂತಿರೋಕೆ ನಮಗೇ ನಾಚಿಕೆ. ಮದುವೆ ಮನೆಯಲ್ಲಿ ಮಜ್ಜಿಗೆ ಬರುವ ಮೊದಲೇ ಮುಂದಿನ ಪಂಕ್ತಿಯವರು ಕುರ್ಚಿ ಹಿಂದೆ ಬಂದು ನಿಲ್ಲುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಅಲ್ಲಿ ಕೂರೋಕೆ ಅಂತ ಯಾರೂ ದುಡ್ಡು ಇಸ್ಕೊಂಡಿಲ್ಲ. ಇಲ್ಲಿ ತಲೆಗೆ ಎರಡು ಸಾವಿರಕ್ಕಿಂತ ಜಾಸ್ತಿ ಕೊಟ್ಟಿದ್ದು ಪನೀರಿಗಲ್ಲ ಸ್ವಾಮಿ, ಕುರ್ಚಿಗೆ. ಆ ಕುರ್ಚಿಯಿಂದಲೇ ಎಬ್ಬಿಸಿದರು.

ಬಿಲ್ 18,600. ಅದಕ್ಕೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, 1,860. ಆ ಸರ್ವಿಸ್ ಚಾರ್ಜಿನ ಮೇಲೂ 5 ಪರ್ಸೆಂಟ್ ಜಿಎಸ್‌ಟಿ. ಯಾವ ಸರ್ವಿಸು, ಎಬ್ಬಿಸಿದ್ದಾ? ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಈ ಸಲ ಮುಜುಗರ ಬಿಟ್ಟೆ. ಎಲ್ಲರನ್ನೂ ಹೊರಗೆ ಕಳಿಸಿ, ಕೌಂಟರಿನಲ್ಲಿ ಮೊಬೈಲ್ ತೆಗೆದು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದೆ. "ಅಯ್ಯೋ, ಅದು ಆಪ್ಷನಲ್ ಸರ್" ಅಂತ ನಗುತ್ತಾ ತೆಗೆದರು. ಕೇಳಿದವರಿಗೆ ಮಾತ್ರ ಆಪ್ಷನಲ್, ಅಲ್ವಾ? ಆ ಸಪ್ಲೈ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನ ಕೈಗೆ ಬೇರೆ ಕೊಟ್ಟು ಬಂದೆ.

ಹೊರಗೆ ಬಂದರೆ ಮಳೆ ನಿಂತಿತ್ತು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಹತ್ತಿರ ನಿಂತು ಹತ್ತೂಕಾಲಿನ ತನಕ ಮಾತಾಡಿದೆವು. ಉಳಿದ ಹನಿ ಕೇಕ್ ಅಲ್ಲೇ ಖಾಲಿಯಾಯಿತು, ಕತ್ತಿ ಇಲ್ಲದೆ. ಅಪ್ಪನ ಕಥೆಯನ್ನು ಮಾತ್ರ ಅವನು ಮತ್ತೆ ಎತ್ತಲಿಲ್ಲ. ನಾವೂ ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ಅವರಿಂದ ಮೆಸೇಜ್. ಐದು ಸ್ಟಾರ್ ಕೊಡಿ, ನಿಮ್ಮ ಹುಟ್ಟಿದ ದಿನ ತಿಳಿಸಿ, ಆ ದಿನ ಒಂದು ಡೆಸರ್ಟ್ ಫ್ರೀ.

ಫೆಬ್ರವರಿಯಲ್ಲಿ ನನಗೂ ಅರವತ್ತು. ತಿಳಿಸಲಿಲ್ಲ.