ಇಸಿಜಿ ಆಯ್ತಾ?

ನಮ್ಮ ಕಡೆ ದಾರಿಯಲ್ಲಿ ಸಿಕ್ಕಿದವರನ್ನು "ಊಟ ಆಯ್ತಾ?" ಎಂದು ಕೇಳುವುದು ರೂಢಿ. ಇಲ್ಲ ಅಂದರೆ ಕರೆದು ಬಡಿಸುತ್ತಾರೆ ಎಂದೇನಲ್ಲ, ಸುಮ್ನೆ ಕೇಳುವುದು. 2025ರ ಜುಲೈನಲ್ಲಿ ಆ ಜಾಗಕ್ಕೆ ಇನ್ನೊಂದು ಪ್ರಶ್ನೆ ಬಂದು ಕೂತಿತು. ಬೆಳಗ್ಗೆ ಹಾಲಿನ ಬೂತಿನ ಹತ್ತಿರ ನಿಂತಿದ್ದೆ. ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರು ಬಂದರು. "ಏನ್ರೀ, ಇಸಿಜಿ ಆಯ್ತಾ?" ಅಂದರು. ಇಲ್ಲ ಸಾರ್ ಅಂದೆ. ಒಂದು ವಾರದಿಂದ ಸ್ನಾನ ಮಾಡಿಲ್ಲ ಅಂದಿದ್ದರೂ ಅವರು ಅಷ್ಟು ದೂರ ಸರಿಯುತ್ತಿರಲಿಲ್ಲ.

ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಎಂಬ ಸುದ್ದಿಯನ್ನು ಯಾರಿಗೂ ಮತ್ತೆ ಹೇಳಬೇಕಿಲ್ಲ. ಟಿವಿಯ ಮೂಲೆಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಸಾವಿನ ಲೆಕ್ಕ ಓಡುತ್ತಿತ್ತು. ನಿರೂಪಕರ ಹಿಂದೆ ಒಂದು ಹಸಿರು ಗೆರೆ ಎದ್ದು ಬಿದ್ದು, ಎದ್ದು ಬಿದ್ದು, ಕೊನೆಗೆ 'ಟೂಂ' ಎಂದು ಉದ್ದಕ್ಕೆ ಮಲಗುತ್ತಿತ್ತು. ಆಮೇಲೆ ಅಡುಗೆ ಎಣ್ಣೆಯ ಜಾಹೀರಾತು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗ್ಗೆಯೇ ಸಾಲು. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗಲೂ ಹೀಗೇ ಆಗಿತ್ತು, ನೆನಪಿದೆ ಅಲ್ವಾ? ಆಗ ಸಾಲಿನಲ್ಲಿ ಜಿಮ್‌ಗೆ ಹೋಗುವ ಹುಡುಗರು ಜಾಸ್ತಿ. ಈ ಸಲ ಎಲ್ಲರೂ.

ಆಸ್ಪತ್ರೆಯ ಸಾಲು ವಾರಗಳಲ್ಲಿ ಕರಗಿತು. ಪದ ಮಾತ್ರ ಊರಲ್ಲೇ ಉಳಿದುಕೊಂಡಿತು. ಮದುವೆ ಮಾತುಕತೆಗೆ ಬಂದ ಬ್ರೋಕರ್ ಹೇಳುತ್ತಾನೆ, "ಹುಡುಗ ಸಾಫ್ಟ್‌ವೇರು, ಸ್ವಂತ ಮನೆ, ಇಸಿಜಿ ನಾರ್ಮಲ್." ಜಾತಕ ಕೂಡಿದೆಯಂತೆ, ಎಕೋ ಒಂದು ಬಾಕಿಯಂತೆ. ಮಗನ ಮಾರ್ಕ್ಸ್ ಕಾರ್ಡ್ ನೋಡಿದ ತಾಯಿ, "ಇವನಿಂದ ನನ್ನ ಇಸಿಜಿಯೇ ಕೆಟ್ಟುಹೋಯ್ತು" ಅನ್ನುತ್ತಾಳೆ. ವಿರೋಧ ಪಕ್ಷದವರು ಸರ್ಕಾರದ ಇಸಿಜಿ ತೆಗೆಯಬೇಕು ಅನ್ನುತ್ತಾರೆ, ಆಳುವವರು ಮೊದಲು ನಿಮ್ಮದು ತೆಗೆಸಿಕೊಳ್ಳಿ ಅನ್ನುತ್ತಾರೆ. ನಮ್ಮ ಬಡಾವಣೆಯ ಹಂಪು ಹಳ್ಳ ಹತ್ತಿಳಿಸುತ್ತಾ ಆಟೊದವನೊಬ್ಬ, "ಈ ರೋಡು ನೋಡಿ ಸಾರ್, ಇಸಿಜಿ ಇದ್ದಂಗಿದೆ" ಅಂದ. ನಾನು ಕೇಳಿದ್ದರಲ್ಲಿ ಸರಿಯಾದ ಬಳಕೆ ಅದೊಂದೇ.

ಊರಿನಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಮಾವನಿಗೆ ಡಾಕ್ಟರು, "ಟಿಎಂಟಿ ಒಂದು ಮಾಡಿಸಿಬಿಡಿ" ಅಂದರಂತೆ. ಮಾವ, "ಎಷ್ಟು ಎಂಎಂದು ಸಾರ್, ಹನ್ನೆರಡೋ ಹದಿನಾರೋ?" ಅಂದರಂತೆ. ಕಂಬಿ ರೇಟು ಅವರಿಗೆ ಬಾಯಿಪಾಠ. ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ ಎಂದು ಗೊತ್ತಾದ ಮೇಲೆ ಬೇಸರ ಮಾಡಿಕೊಂಡು ವಾಪಸ್ ಬಂದರು. ಸೈಟಿನಲ್ಲಿ ದಿನಾ ಓಡುವುದು ಸಾಲದೇ ಎಂಬುದು ಅವರ ಪ್ರಶ್ನೆ.

ಇದಕ್ಕೆ ಕನ್ನಡದ್ದೇ ಪದ ಇಲ್ಲವೇ ಎಂದು ಕೆಲವರು ಗದರುತ್ತಾರೆ. ಇದೆಯಲ್ಲ, 'ಹೃದಯ ವಿದ್ಯುಲ್ಲೇಖ'! ಎದೆನೋವು ಬಂದವನು ಅದನ್ನು ತಡವರಿಸದೆ ಹೇಳಿ ಮುಗಿಸಿದರೆ ಪರೀಕ್ಷೆಯೇ ಬೇಡ, ಮನೆಗೆ ಕಳಿಸಬಹುದು.

ಇಸಿಜಿಯ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದವನು ಜಿಮ್ಮಿ. ಜಿಮ್ಮಿ ಒಂದು ಬುಲ್‌ಡಾಗ್. ಅದರ ಯಜಮಾನ ಆಗಸ್ಟಸ್ ವಾಲರ್, 1887ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಮೂಡಿಸಿದವನು. ಜನರಿಗೆ ತೋರಿಸಲು ಮನುಷ್ಯರಿಗಿಂತ ಜಿಮ್ಮಿಯೇ ವಾಸಿ ಎನ್ನಿಸಿರಬೇಕು. ಹೇಳಿದ ಕಡೆ ನಿಲ್ಲುತ್ತಿತ್ತು, ನಾರ್ಮಲ್ಲಾ ಸಾರ್ ಎಂದು ಕೇಳುತ್ತಿರಲಿಲ್ಲ. 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ಅದರ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇಡಿಸಿ ತೋರಿಸಿದ. ವಿಷಯ ಬ್ರಿಟಿಷ್ ಸಂಸತ್ತಿಗೆ ಹೋಯಿತು. ನಾಯಿಯ ಕತ್ತಿಗೆ ಚೂಪು ಮೊಳೆಯ ಚರ್ಮದ ಪಟ್ಟಿ ಬಿಗಿದಿದ್ದರಂತೆ, ಕಾಲನ್ನು ದ್ರಾವಣದಲ್ಲಿ ಅದ್ದಿದ್ದರಂತೆ, ಇದು ಹಿಂಸೆಯಲ್ಲವೇ ಎಂದು ಸದಸ್ಯರೊಬ್ಬರು ಕೇಳಿದರು. ಗೃಹಮಂತ್ರಿ ಗ್ಲಾಡ್‌ಸ್ಟನ್ ಎದ್ದು ನಿಂತು ಉತ್ತರ ಕೊಟ್ಟರು. ಅದು ಹಿತ್ತಾಳೆ ಗುಬಟಿನ ಮಾಮೂಲಿ ಕೊರಳಪಟ್ಟಿ. ದ್ರಾವಣ ಎಂದರೆ ನೀರಿಗೆ ಒಂದಿಷ್ಟು ಉಪ್ಪು. ಸಮುದ್ರದಲ್ಲಿ ಕಾಲಾಡಿಸಿದವರಿಗೆ ಅದರ ಅನುಭವ ಇದ್ದೇ ಇರುತ್ತದೆ.

ಒಂದು ನಾಯಿಯ ಇಸಿಜಿಗೆ ಗೃಹಮಂತ್ರಿಯೇ ಉತ್ತರ ಕೊಡಬೇಕಾಯಿತು. ಮಳೆಯಲ್ಲಿ ತಲೆ ಮೇಲೆ ಫೈಲು ಹಿಡಿದು ಸಾಲಿನಲ್ಲಿ ನಿಂತವರನ್ನು ಕಂಡಾಗ ನನಗೆ ಜಿಮ್ಮಿಯ ಅದೃಷ್ಟ ನೆನಪಾಯಿತು.

ಆಮೇಲೆ ಬಂದವರು ಹಾಲೆಂಡಿನ ಐಂಥೋವನ್. ಅವರ ಯಂತ್ರದ ತೂಕ ಕಾಲು ಟನ್ನಿಗೂ ಜಾಸ್ತಿ, ನಡೆಸಲು ಐದು ಜನ. ಏರಿಳಿತಗಳಿಗೆ ಪಿ, ಕ್ಯು, ಆರ್, ಎಸ್, ಟಿ ಎಂದು ಹೆಸರಿಟ್ಟವರು ಅವರೇ. 1924ರಲ್ಲಿ ನೊಬೆಲ್ ಬಂತು. ಈಗ ಅದೇ ಯಂತ್ರ ಟಿಫನ್ ಕ್ಯಾರಿಯರ್‌ನಷ್ಟಾಗಿದೆ. ನನ್ನನ್ನೂ ಕೊನೆಗೆ ಮನೆಯವರು ತಳ್ಳಿಕೊಂಡು ಹೋದರು. ಎದೆಗೆ ತಣ್ಣನೆಯ ಜೆಲ್ಲು, ಕೈಕಾಲಿಗೆ ಕ್ಲಿಪ್ಪು, ಒಟ್ಟು 10 ವೈರು. "ಅಲ್ಲಾಡ್ಬೇಡಿ ಸಾರ್" ಅಂದಳು ಹುಡುಗಿ. ಶುರುವಾಯಿತಾ ಎಂದು ಕೇಳುವುದರೊಳಗೆ ಮುಗಿದಿತ್ತು. ಸೆಕೆಂಡಿಗೆ 25 ಮಿಲಿಮೀಟರಿನಂತೆ ಪೇಪರ್ ಓಡುತ್ತದೆ. ಆ ಹಾಳೆಯಲ್ಲಿ ಇರುವುದು ಆ ಕೆಲವು ಸೆಕೆಂಡಿನ ಸಮಾಚಾರ. ನಾಳೆ ಮಂಗಳವಾರದ್ದು ಅದರಲ್ಲಿ ಇರುವುದಿಲ್ಲ.

ನಮ್ಮವರಿಗೆ ಅದು ಸರ್ಟಿಫಿಕೇಟು. ನಮ್ಮ ಭಾವ ತಮ್ಮ ನಾರ್ಮಲ್ ಇಸಿಜಿಯನ್ನು ಲ್ಯಾಮಿನೇಟ್ ಮಾಡಿಸಲು ಝೆರಾಕ್ಸ್ ಅಂಗಡಿಗೆ ಒಯ್ದರು. ಅದು ಬಿಸಿ ತಾಗಿದರೆ ಕಪ್ಪಾಗುವ ಪೇಪರು. ಒಂದು ಕಡೆಯಿಂದ ಭಾವನ ಹೃದಯ ಒಳಗೆ ಹೋಯಿತು, ಇನ್ನೊಂದು ಕಡೆಯಿಂದ ಅಮಾವಾಸ್ಯೆ ಹೊರಗೆ ಬಂತು. ಅದನ್ನೂ ಎತ್ತಿಟ್ಟುಕೊಂಡಿದ್ದಾರೆ. ಒಳಗೆ ನಾರ್ಮಲ್ ಇದೆಯಂತೆ.

ಜುಲೈನಲ್ಲೇ ಹಾಸನದ ಸಾವುಗಳ ಬಗ್ಗೆ ತಜ್ಞರ ಸಮಿತಿಯ ವರದಿ ಬಂತು. ಹೃದಯಾಘಾತದ ಸಾವು ದಿಢೀರನೆ ಏರಿಲ್ಲ ಎಂದಿತು. ಸಮಿತಿ ನೋಡಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಒಂದು ರಸ್ತೆ ಅಪಘಾತ. ಇನ್ನೊಂದು, ಕರೆಂಟ್ ಹೊಡೆದಿರಬಹುದು ಎನ್ನುವಂಥದ್ದು. ಗಾಡಿ ಗುದ್ದಿ ಸತ್ತವರನ್ನೂ ಹೃದಯಾಘಾತದ ಲೆಕ್ಕಕ್ಕೆ ಸೇರಿಸಿ, ಹಿಂದೆ ಹಸಿರು ಗೆರೆ ಓಡಿಸಿ, ರಾಜ್ಯವನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದೆವು. ವರದಿ ಬಂದ ದಿನ ಆ ಗೆರೆ ಕಾಣಲಿಲ್ಲ. ಇದಕ್ಕೆಲ್ಲ ಕಾರಣ ಕೋವಿಡ್ ಲಸಿಕೆಯೋ ಅಲ್ಲವೋ ಎಂಬ ದೊಡ್ಡವರ ಜಗಳ ಬೇರೆ. ಅದು ಬಿಡಿ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಏನೂ ಆಗದವರೆಲ್ಲ ಇಸಿಜಿ ಎನ್ನುತ್ತಾರೆ. ನಿಜವಾಗಿ ಎದೆ ಹಿಡಿದುಕೊಂಡು ಕೂತವನಿಗೆ ಮಾತ್ರ ಯಾರೂ ಆ ಪದ ಹೇಳುವುದಿಲ್ಲ. ಅವನಿಗೆ, "ಗ್ಯಾಸು ಕಣೋ, ಸೋಡಾ ಕುಡಿ." ಬೆವರು ಕಿತ್ತುಬಂದರೆ ಫ್ಯಾನು ಜೋರು. ಎಡಗೈ ಜೋಮು ಹಿಡಿದರೆ ಎಣ್ಣೆ. ಅಪ್ಪು ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಅದನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಮೊದಲ ಗಂಟೆಗಳಲ್ಲೇ ಹೋಗಬೇಕು, ಅಷ್ಟೇ. ನಾವು ಆ ಗಂಟೆಗಳನ್ನು ಜೀರಿಗೆ ಕಷಾಯ ಕುದಿಸಲು ಬಳಸುತ್ತೇವೆ. ಡ್ಯೂಟಿ ಮುಗಿಯಲಿ ಎನ್ನುವ ಡ್ರೈವರ್, ಮೊಮ್ಮಗ ಸ್ಕೂಲಿಂದ ಬರಲಿ ಎನ್ನುವ ಅಜ್ಜಿ, ಹೀಗೇ ಹೋಗುತ್ತಾರೆ. ಮೂರನೆಯ ದಿನ ಹಾಲುತುಪ್ಪ ಬಿಡುವಾಗ ಯಾರೋ ಒಬ್ಬರು ಕೇಳುತ್ತಾರೆ, "ಇಸಿಜಿ ತೆಗೆಸಿರಲಿಲ್ವಾ?"

ಮೊನ್ನೆ ಮತ್ತೆ ಹಾಲಿನ ಬೂತು. ಮೇಷ್ಟ್ರು ಕಟ್ಟೆಯ ಮೇಲೆ ಕೂತಿದ್ದರು, ಪ್ಯಾಕೆಟ್ ಪಕ್ಕದಲ್ಲಿತ್ತು. ಅಂಗಿ ಒದ್ದೆ. ಎದೆಯ ನಡುವೆ ಅಂಗೈ ಉಜ್ಜಿಕೊಳ್ಳುತ್ತಿದ್ದರು.

"ಏನ್ ಸಾರ್?"

"ಏನಿಲ್ಲ ಕಣ್ರೀ, ರಾತ್ರಿಯಿಂದ ಸ್ವಲ್ಪ ಗ್ಯಾಸು."

"ಇಸಿಜಿ?"

"ಜುಲೈನಲ್ಲೇ ಆಯ್ತಲ್ರೀ. ನಾರ್ಮಲ್ಲು!"

ಅವರ ಹಾಲನ್ನು ಬೂತಿನವನ ಕೈಗೆ ಕೊಟ್ಟು ಆಟೊ ಕೂಗಿದೆ.