ಇಡ್ಲಿಗೆ ಪ್ಲಾಸ್ಟಿಕ್ ಹಾಳೆ: ನಿಷೇಧ ಬೇಕಿತ್ತಾ?

ಹೋಟೆಲ್‌ಗಳು ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದು ಎಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಹೇಳಿತು. ಅದಕ್ಕೂ ಮುಂಚೆ ಸುಮಾರು 250 ಕಡೆ ನೋಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಹಾಳೆ ಸಿಕ್ಕಿತ್ತು.

ಪರ

ತಟ್ಟೆಗೆ ಬಟ್ಟೆಯ ಬದಲು ಹಾಳೆ ಹಾಸಿ ಹಿಟ್ಟು ಹುಯ್ದರೆ ಇಡ್ಲಿ ಅಂಟುವುದಿಲ್ಲ, ಬಟ್ಟೆ ಒಗೆಯುವ ಗೋಳಿಲ್ಲ. ಹೋಟೆಲಿನವರಿಗೆ ಸಲೀಸು, ನಿಜ. ಆದರೆ ಹುಳಿ ಹಿಟ್ಟು ಆ ಹಾಳೆಗೆ ತಾಗಿಕೊಂಡೇ ಹಬೆಯಲ್ಲಿ ಬೇಯುತ್ತದೆ. ಒಳಗೆ ತೆಳು ಪ್ಲಾಸ್ಟಿಕ್ ಲೇಪವಿರುವ ಪೇಪರ್ ಕಪ್‌ಗಳನ್ನು ಖರಗ್‌ಪುರ ಐಐಟಿಯವರು 2020ರಲ್ಲಿ ಪರೀಕ್ಷಿಸಿದ್ದರು. 100 ಮಿ.ಲೀ. ಬಿಸಿನೀರು 15 ನಿಮಿಷ ಇದ್ದದ್ದಕ್ಕೇ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಟ್ಟಿತ್ತು. ಇಡ್ಲಿಯ ಹಾಳೆ ಅದಕ್ಕಿಂತ ಜಾಸ್ತಿ ಬಿಸಿ ಕಾಣುತ್ತದೆ.

ಹೊಟ್ಟೆಗೆ ಹೋದದ್ದು ಹೊರಗೆ ಬರುತ್ತದೆ ಬಿಡಿ ಅನ್ನುವವರಿದ್ದಾರೆ. ದೊಡ್ಡ ಕಣಗಳು ಬರುತ್ತವೆ. ತೀರಾ ಸಣ್ಣವು ಕರುಳಿನ ಗೋಡೆ ದಾಟಬಲ್ಲವು. ಇಲಿಗಳಲ್ಲಿ ಅವು ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ಕೆಡಿಸಿದ್ದೂ ಇದೆ. 2024ರಲ್ಲಿ ಇಟಲಿಯ ವೈದ್ಯರು, ಕತ್ತಿನ ರಕ್ತನಾಳದ ಆಪರೇಷನ್ ಆದ 257 ಜನರ ವರದಿ ಪ್ರಕಟಿಸಿದರು. ನಾಳದಿಂದ ತೆಗೆದ ಕೊಬ್ಬಿನ ಗಂಟಿನಲ್ಲಿ 150 ಜನರಿಗೆ ಪಾಲಿಥೀನ್ (ಕವರ್, ತೆಳು ಹಾಳೆ ಮಾಡುವ ಪ್ಲಾಸ್ಟಿಕ್) ಇತ್ತು. ಗಂಟಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ನಾಲ್ಕು ಪಟ್ಟಿಗೂ ಜಾಸ್ತಿ ಕಂಡಿತು. ಕರಾವಳಿಯಲ್ಲಿ ಹಲಸಿನೆಲೆಯ ಕೊಟ್ಟೆಯಲ್ಲೇ ಕಡುಬು ಬೇಯಿಸುತ್ತಾರಲ್ಲ, ಪ್ಲಾಸ್ಟಿಕ್ಕೇ ಯಾಕೆ ಬೇಕು?

ವಿರೋಧ

ಇಟಲಿಯವರು ನಂಟು ಕಂಡರು. ಪ್ಲಾಸ್ಟಿಕ್ಕೇ ಕಾರಣ ಅಂದಿಲ್ಲ. ಇಲಿಗಳಿಗೆ ಕೊಡುವ ಪ್ರಮಾಣವೂ ಎಷ್ಟೋ ಸಲ ನಾವು ತಿನ್ನುವುದಕ್ಕಿಂತ ತುಂಬಾ ಹೆಚ್ಚು. ಎಲ್ಲರೂ ಹೆದರಿಸುವ ಥ್ಯಾಲೇಟ್ ಮುಖ್ಯವಾಗಿ ಪಿವಿಸಿ ಎಂಬ ಬೇರೆ ಪ್ಲಾಸ್ಟಿಕ್ ಮೆತ್ತಗಾಗಲಿ ಎಂದು ಸೇರಿಸುವ ರಾಸಾಯನಿಕ, ಪಾಲಿಥೀನ್‌ಗಲ್ಲ.

ಬಟ್ಟೆ ಅಂದಕೂಡಲೇ ಅಜ್ಜಿ ಮನೆಯ ಶುಭ್ರ ಬಿಳಿ ಬಟ್ಟೆ ನೆನಪಾಗುತ್ತದೆ, ಅಲ್ವಾ? ರಸ್ತೆಬದಿಯ ಗಾಡಿಯಲ್ಲಿ ಎರಡು ಬಕೆಟ್ ನೀರು. ಅದರಲ್ಲೇ ತಟ್ಟೆ, ಲೋಟ, ಆಮೇಲೆ ಈ ಬಟ್ಟೆ. ಒದ್ದೆ ಬಟ್ಟೆಯಲ್ಲಿ ಉಳಿದ ಹಿಟ್ಟು ಬ್ಯಾಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾಗೆ ಹಬ್ಬದೂಟ. ಅದು ಬಿಡುವ ಒಂದು ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ಇಪ್ಪತ್ತು ವರ್ಷದ ನಂತರದ ಅಪಾಯಕ್ಕೆ ಹೆದರಿ ಇದನ್ನು ಮರೆಯುವುದಾ? ನಿಷೇಧಿಸುವ ಮೊದಲು ಆ ಗಾಡಿಗೆ ಒಂದು ನಲ್ಲಿ ಕೊಡಬೇಕಿತ್ತು.

ಇನ್ನು ಪಾರ್ಸೆಲ್. ಪ್ಲಾಸ್ಟಿಕ್ ಕವರ್ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಯಿತು. ಕುದಿಯುವ ಸಾಂಬಾರ್ ಇವತ್ತಿಗೂ ಕವರ್‌ನಲ್ಲೇ ಬರುತ್ತದೆ, ಬಾಯಿಗೆ ದಾರ ಸುತ್ತಿಕೊಂಡು.